ಕ್ಯಾರೆಟ್ಟಿನ ದರ್ಜೆ ಕಟ್ಟುವವರು ಯಾರು?

ರಾಯಕೋಟೆಯೆಂದರೆ ಟೊಮೇಟೊ ಮಂಡಿಯೆಂದೇ ಹೊರಗಿನವರ ತಿಳುವಳಿಕೆ. ಕೆಲಮಂಗಲ, ತಳಿ, ಡೆಂಕಣಿಕೋಟೆಯ ಕಡೆ ಕ್ಯಾರೆಟ್ಟೂ ಬೆಳೆಯುತ್ತದೆ. ಅದನ್ನು ಕಿತ್ತು, ಸೊಪ್ಪು ಮುರಿದು, ತೊಳೆದು, ಆರಿಸಿ ಚೀಲಕ್ಕೆ ತುಂಬುವವರು ನಮ್ಮ ಹೆಣ್ಣುಮಕ್ಕಳು. ಈ ಆರಿಸುವ ಕೆಲಸದ ವಿಷಯದಲ್ಲಿಯೇ ನಾವು ಎರಡು ಮಾತು ಹೇಳಬೇಕಾಗಿದೆ.

ದರ್ಜೆ ಮಾಡುವುದೇ ಅನ್ಯಾಯವೆಂದು ನಾವು ಹೇಳುವವರಲ್ಲ. ಕೊಳೆತದ್ದನ್ನೂ ಬೆಂಡಾದದ್ದನ್ನೂ ಒಳ್ಳೆಯದರೊಡನೆ ಬೆರೆಸಿ ಮಾರಿದರೆ ಮೋಸಹೋಗುವವನು ಕೊಳ್ಳುವ ಬಡವನೇ. ನಮ್ಮ ತಕರಾರು ಬೇರೆ. ಅಳತೆ ಎಲ್ಲಿಯೂ ಬರೆದಿಲ್ಲ. ಅಳೆಯುವವನೂ ಕೊಳ್ಳುವವನೂ ಒಬ್ಬನೇ. ಬೆಳಿಗ್ಗೆ ಒಂದನೇ ದರ್ಜೆಯಾಗಿದ್ದ ಕ್ಯಾರೆಟ್ಟು, ಮಂಡಿಗೆ ಲಾರಿಗಳು ಹೆಚ್ಚು ಬಂದವೆಂದರೆ ಮಧ್ಯಾಹ್ನಕ್ಕೆ ಮೂರನೆಯದಾಗುತ್ತದೆ!

ಬರೆದ ಅಳತೆಯೇ ಇಲ್ಲವೇ? ಇದೆ. ನಮ್ಮ ದೇಶದಲ್ಲಿ ಆಗ್‌ಮಾರ್ಕ್ ಕಾಯಿದೆ ಬಂದದ್ದು 1937ರಲ್ಲಿ; ಹಣ್ಣು ತರಕಾರಿಗಳ ದರ್ಜೆಗೆ 2004ರಲ್ಲಿ ನಿಯಮಗಳಾದವು. ಆದರೆ ಒಳನಾಡಿನ ವ್ಯಾಪಾರದಲ್ಲಿ ಅದು ವರ್ತಕನ ಇಚ್ಛೆಗೆ ಬಿಟ್ಟ ಸಂಗತಿ, ಆದುದರಿಂದ ಕಾಗದ ನಮ್ಮ ಮಂಡಿಯ ತನಕ ನಡೆದು ಬರುವುದಿಲ್ಲ. ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗವೂ ಕ್ಯಾರೆಟ್ಟಿಗೆ ಮೂರು ದರ್ಜೆ ಗೊತ್ತುಮಾಡಿದೆ. ಅದರ ಪ್ರಕಾರ ಉದ್ದನೆಯ ಕ್ಯಾರೆಟ್ಟಿನ ನೆತ್ತಿಯಲ್ಲಿ 2 ಸೆಂಟಿಮೀಟರು ಹಸಿರಿದ್ದರೂ ಅದು ಒಂದನೇ ದರ್ಜೆಯೇ. ಎರಡನೆಯದರಲ್ಲಿ 3ರ ತನಕ ಸರಿ. ನಮ್ಮ ಕಡೆ ಒಂದು ಸಂಗ್ರಹ ಕೇಂದ್ರದಲ್ಲಿ ಉಗುರಿನಷ್ಟು ಹಸಿರು ಕಂಡರೂ ಕಸದ ಗುಡ್ಡೆಗೆ ಎಸೆದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಈ ಹಸಿರೇನು ಮಹಾಪಾಪವೇ? ಮಣ್ಣು ಸರಿದು ನೆತ್ತಿಗೆ ಬಿಸಿಲು ಬಿದ್ದುದರ ಗುರುತು, ಅಷ್ಟೇ. ಕಲ್ಲು ತಗುಲಿದರೆ ಬೇರು ಕವಲೊಡೆಯುತ್ತದೆ. ಒಣಗಿದ ನೆಲದ ಮೇಲೆ ಒಮ್ಮೆಗೇ ಮಳೆ ಸುರಿದರೆ ಸೀಳುತ್ತದೆ. ಸಾರಿಗೆ ಹಾಕಿದಾಗ ಕವಲು ಕ್ಯಾರೆಟ್ಟಿನ ರುಚಿ ಬೇರೆಯಾಗುವುದಿಲ್ಲ. ಕವಲಿಗೆ ಯಾವ ದರ್ಜೆಯೂ ಇಲ್ಲವೆಂದು ಹಠ ಹಿಡಿದಿದ್ದ ಐರೋಪ್ಯ ಒಕ್ಕೂಟವೇ 2009ರ ಜುಲೈ 1ರಿಂದ ಕ್ಯಾರೆಟ್ಟೂ ಸೇರಿ 26 ಬಗೆಯ ಹಣ್ಣು ತರಕಾರಿಗಳ ಪ್ರತ್ಯೇಕ ನಿಯಮಗಳನ್ನು ರದ್ದುಮಾಡಿತು. (ಟೊಮೇಟೊಗೆ ಮಾತ್ರ ಆ ಬಿಡುಗಡೆ ದೊರೆಯಲಿಲ್ಲ, ರಾಯಕೋಟೆಯವರು ಗಮನಿಸಬೇಕು.)

ಕಸವೆಂದು ಎಸೆದದ್ದಾದರೂ ಕಸಕ್ಕೆ ಹೋಗುತ್ತದೆಯೇ? ಸಂಜೆಗೆ ಅದೇ ಗುಡ್ಡೆ ಹೋಟೆಲಿಗೂ ತಳ್ಳುಗಾಡಿಗೂ ಏರುತ್ತದೆ. ಬೆಳೆದವನಿಗೆ ಅದರ ಕಾಸಿಲ್ಲ. ಅದನ್ನೂ ಕಿತ್ತು ತೊಳೆದ ಹೆಂಗಸಿಗೆ, ತುದಿ ಮುರಿಯಿತೆಂದು ಕೂಲಿಯಲ್ಲಿ ಹಿಡಿತ ಬೇರೆ. ಪ್ರವಾದಿಯಾದ ಆಮೋಸನು ತನ್ನ ಕಾಲದ ವರ್ತಕರನ್ನು ಖಂಡಿಸಿದ್ದು ಅಳತೆ ಕಿರಿದುಮಾಡಿದ್ದಕ್ಕೆ ಮಾತ್ರವಲ್ಲ, ಗೋಧಿಯ ಕಸವನ್ನೂ ಮಾರಿ ಹಣಮಾಡಿದ್ದಕ್ಕೆ ಸಹ. ನಮ್ಮ ಮಂಡಿಯನ್ನು ಅವನು ಕಂಡಿರಲಿಲ್ಲ.

ಆದುದರಿಂದ ನಾವು ಕೇಳುವುದು ಇಷ್ಟು. ಯಾವ ದರ್ಜೆಗೆ ಯಾವ ಗುಣವೆಂಬುದನ್ನು ಕನ್ನಡ, ತಮಿಳು, ತೆಲುಗಿನಲ್ಲಿ ಬರೆದು ತಕ್ಕಡಿಯ ಪಕ್ಕದಲ್ಲಿ ತೂಗುಹಾಕಬೇಕು. ಬೆಳೆದವನ ಎದುರಿಗೇ ಆರಿಸಬೇಕು. ತಳ್ಳಿದ ಸರಕನ್ನೂ ತೂಗಿ, ಒಂದೋ ಬೆಲೆ ಕಟ್ಟಬೇಕು, ಇಲ್ಲವೇ ಹಿಂದಕ್ಕೆ ಕೊಡಬೇಕು. ಮುರಿದ ತುದಿಗೆ ಕೂಲಿ ಹಿಡಿಯುವುದು ನಿಲ್ಲಬೇಕು. ಇದರಲ್ಲಿ ರೈತನೂ ಕೂಲಿಯವಳೂ ಬೇರೆಬೇರೆಯಾಗಿ ಹೋದರೆ ಇಬ್ಬರಿಗೂ ಉತ್ತರ ಸಿಗದು. ಸಹೋದರ ಸಹೋದರಿಯರೇ, ಮುಂದಿನ ಕೀಳುವಿಕೆಗೆ ಮುಂಚೆಯೇ ಒಟ್ಟಾಗಿ ಹೋಗಿ ಕೇಳಿರಿ. ಚೀಲದ ಬಾಯಿ ಹೊಲಿದ ಮೇಲೆ ಕೇಳಿದರೆ ಯಾರೂ ಬಿಚ್ಚಿ ತೋರಿಸುವುದಿಲ್ಲ.