ಕೆರೆಯ ಸುದ್ದಿಯಲ್ಲಿ ನೀರಗಂಟಿ ಎಲ್ಲಿ?



ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆ ಕೆರೆಯ ಬಗ್ಗೆ ಪೇಪರಿನಲ್ಲಿ ಆಗಾಗ ಸುದ್ದಿ ಬರುತ್ತದೆ. ಒತ್ತುವರಿ, ಹೂಳು, ಕೊಳಚೆ, ರಾಜಕಾಲುವೆ. ಸುದ್ದಿಯಲ್ಲಿ ಮಾತಾಡುವವರು ಅಧಿಕಾರಿಗಳು, ವಿಜ್ಞಾನಿಗಳು, ಬಡಾವಣೆ ಸಂಘದವರು. ಮಾತಾಡಲಿ, ನಮ್ಮ ತಕರಾರಿಲ್ಲ. ಆದರೆ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಅಂತ ಹಂಚುತ್ತಿದ್ದ ನೀರಗಂಟಿ ಎಲ್ಲಿ ಹೋದ? ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಆ ಕೆಲಸ ನಮ್ಮ ಕೇರಿಯವರದೇ ಆಗಿತ್ತು. ಏರಿ ಎಲ್ಲಿ ಸೋರುತ್ತೆ, ಕೋಡಿ ಯಾವಾಗ ಬೀಳುತ್ತೆ, ಅವನಿಗೆ ಗೊತ್ತಿತ್ತು. ಊರ ಗದ್ದೆಗೆಲ್ಲ ನೀರು ಬಿಟ್ಟವನು ಊರ ಬಾವಿ ಮುಟ್ಟುವಂತಿರಲಿಲ್ಲ. ಈಗ ಕೆರೆಯ ಸುದ್ದಿಯನ್ನೂ ಮುಟ್ಟುವಂತಿಲ್ಲವೇ?

ಕರೆಂಟಿನ ಸುದ್ದಿಯೂ ಹೀಗೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಇದನ್ನು ಎಲ್ಲರೂ ಹೆಮ್ಮೆಯಿಂದ ಬರೀತಾರೆ. ಆ ಗಣಿಯೊಳಕ್ಕೆ ಇಳಿದವರಲ್ಲಿ ಹೆಚ್ಚಿನವರು ದಲಿತರು ಅಂತ ಬರೆಯುವವರು ಕಡಿಮೆ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೋಯಿತು, ಸೈನೈಡ್ ಮಣ್ಣಿನ ಗುಡ್ಡ ಉಳಿಯಿತು. ಗಾಳಿ ಬಂದರೆ ಅದರ ಧೂಳು ಲೈನ್ ಮನೆಗಳಿಗೇ.

ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಸರಿ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು ಕೂಲಿ ತಗೊಳ್ತಿದ್ದವಳಿಗೆ ಏನು ಶುರುವಾಯಿತು? ಭೂಮಿ ಇಲ್ಲದವಳ ಹೆಸರು ಗುತ್ತಿಗೆ ಪತ್ರದಲ್ಲಿ ಇರುವುದಿಲ್ಲ. ಮೆಗಾವಾಟ್ ಎಣಿಸುವವರಿಗೆ ಅವಳ ಕೂಲಿ ಎಣಿಸಲು ಬರುವುದಿಲ್ಲ.

ಕನ್ನಡದಲ್ಲಿ ಪರಿಸರ ಬರವಣಿಗೆಗೆ ದಾರಿ ಮಾಡಿದವರಿದ್ದಾರೆ. ಪ್ರಜಾವಾಣಿಯ ನಾಗೇಶ ಹೆಗಡೆಯವರು ಅಣು ವಿದ್ಯುತ್ತಿನಿಂದ ಹಿಡಿದು ಕೆರೆಯ ತನಕ ಸಾಮಾನ್ಯರಿಗೆ ತಿಳಿಯುವಂತೆ ಬರೆದರು. ನಾವದನ್ನು ಗೌರವಿಸುತ್ತೇವೆ. ಆದರೆ ಆ ದಾರಿಯಲ್ಲಿ ನಮ್ಮ ಮಕ್ಕಳು ಎಷ್ಟು ಜನ? 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿ, ಸಿಗದೆ, ಸಿಗಲಿಲ್ಲ ಅನ್ನುವುದನ್ನೇ ಬರೆದರು.

ಪರಿಸರ ಅಂದರೆ ಹೊಟ್ಟೆ ತುಂಬಿದವರ ಮಾತು ಅಂತ ನಮ್ಮಲ್ಲೇ ಕೆಲವರು ಹೇಳ್ತಾರೆ. ನಾವು ಒಪ್ಪುವುದಿಲ್ಲ. ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸಾಯುವುದು ಪರಿಸರದ ಸುದ್ದಿಯಲ್ಲವೇ? ಕಸದ ಗುಡ್ಡದ ಪಕ್ಕದ ಗುಡಿಸಲು ಪರಿಸರದ ಸುದ್ದಿಯಲ್ಲವೇ?

ಬಾಬಾಸಾಹೇಬರನ್ನು ನೆನೆಯಿರಿ. 1920ರಲ್ಲಿ ‘ಮೂಕನಾಯಕ’ ಹೊರಡಿಸಿದವರೇ 1942ರಿಂದ 1946ರ ತನಕ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಜೊತೆಗೆ ನೀರಾವರಿ, ವಿದ್ಯುತ್ ನೋಡಿಕೊಂಡರು. ಅಗ್ಗದ ವಿದ್ಯುತ್ ಬಡತನ ನೀಗುವ ದಾರಿ ಎಂದು 1943ರಲ್ಲೇ ವಾದಿಸಿದರು. ಪತ್ರಿಕೆಯೂ ಕರೆಂಟೂ ಅವರಿಗೆ ಬೇರೆ ಬೇರೆಯಾಗಿರಲಿಲ್ಲ.

ಆದ್ದರಿಂದ ಓದುತ್ತಿರುವ ತಮ್ಮಂದಿರಿಗೂ ತಂಗಿಯರಿಗೂ ನಮ್ಮ ಮಾತು ಇಷ್ಟೇ. ಸರ್ಕಾರಿ ನೌಕರಿಯೊಂದೇ ದಾರಿಯಲ್ಲ. ಪಹಣಿ ಓದಲು ಕಲಿಯಿರಿ, ಕೆರೆಯ ಸರ್ವೆ ನಕ್ಷೆ ಓದಲು ಕಲಿಯಿರಿ, ವಿದ್ಯುತ್ ದರದ ಆದೇಶ ಓದಲು ಕಲಿಯಿರಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕೇರಿಯ ಹಿರಿಯರ ಹತ್ತಿರ ಕೂತು ಕೇಳಿ, ಬರೆದುಕೊಳ್ಳಿ. ಪತ್ರಿಕೆಯವರಿಗೂ ಒಂದು ಮಾತು: ನಮ್ಮ ಮೇಲೆ ಅನುಕಂಪದ ಲೇಖನ ಬೇಡ. ನಮ್ಮ ಮಕ್ಕಳಿಗೆ ಕುರ್ಚಿ ಕೊಡಿ, ಸಂಬಳ ಕೊಡಿ.

ತೂಬಿನ ಕೀಲಿ ಒಂದು ಕಾಲಕ್ಕೆ ನಮ್ಮ ಕೈಯಲ್ಲಿತ್ತು. ಈಗ ಪೆನ್ನು ಬರಲಿ.

ಜೈ ಭೀಮ್.