ಪಂಜುರ್ಲಿಯ ಮೊಗವೂ ವರಾಹಾವತಾರವೂ

ತುಳುನಾಡಿನ ಪಂಜುರ್ಲಿ ದೈವವು ಮಹಾವಿಷ್ಣುವಿನ ವರಾಹಾವತಾರವೇ ಎಂದು ಸಾಧಿಸುವ ಪಂಡಿತರುಂಟು. 2022ರಲ್ಲಿ ‘ಕಾಂತಾರ’ ಚಲನಚಿತ್ರದ ‘ವರಾಹರೂಪಂ’ ಎಂಬ ಹಾಡು ಮನೆಮನೆಯನ್ನು ಹೊಕ್ಕ ಮೇಲೆ ಈ ಮಾತಿಗೆ ಮತ್ತಷ್ಟು ಬಲ ಬಂದಿದೆ. ವಾದಿಗಳ ಉದ್ದೇಶವು ಗೌರವವೇ ಆಗಿರಬಹುದು. ಫಲವು ಮಾತ್ರ ಅಗೌರವ.

ಎರಡಕ್ಕೂ ಹಂದಿಯ ಮೋರೆಯುಂಟೆಂಬುದನ್ನುಳಿದು ಈ ವಾದಕ್ಕೆ ಆಧಾರವೇನು? ವರಾಹನು ಹಿರಣ್ಯಾಕ್ಷನನ್ನು ಕೊಂದು ಭೂಮಿಯನ್ನು ನೀರಿನಿಂದ ಎತ್ತಿದವನು. ಪಂಜುರ್ಲಿಯ ಪಾಡ್ದನದಲ್ಲಿ, ಎಂದರೆ ತುಳು ಕಥನಗೀತದಲ್ಲಿ, ಬರುವುದು ಕೈಲಾಸದ ತೋಟವನ್ನು ಹಾಳುಗೆಡವಿ, ಈಶ್ವರನ ಕೋಪಕ್ಕೆ ಗುರಿಯಾಗಿ, ಜನರನ್ನು ಕಾಯುವುದಕ್ಕೆಂದು ಭೂಮಿಗಿಳಿದ ಹಂದಿ. ತುಳುವಿನಲ್ಲಿ ಪಂಜಿಯೆಂದರೆ ಹಂದಿಯೇ. ಗದ್ದೆಯನ್ನು ಬಗೆದು ಹಾಳುಮಾಡುವ ಪ್ರಾಣಿಯೇ ಗದ್ದೆಯ ಕಾವಲಿಗೆ ನಿಂತಿತೆಂಬುದು ಆ ಲೋಹದ ಮೊಗದ ಅರ್ಥ. ಅವತಾರವೆಂದೊಡನೆ ಆ ಅರ್ಥವು ಅಳಿಯುತ್ತದೆ. ಅವತಾರಮೂರ್ತಿಯು ಯಾರ ಬೆಳೆಯನ್ನೂ ತಿಂದವನಲ್ಲ. ಹುಲಿಯ ಮಾತೂ ಹೀಗೆಯೇ. ಪುರಾಣಗಳಲ್ಲಿ ಮೃಗವು ದೇವಿಯ ವಾಹನ. ಪಿಲಿಭೂತದಲ್ಲಿ ಹುಲಿಯೇ ದೈವ.

ಬರ್ನೆಲ್ ಸಾಹೇಬರು ಸಂಗ್ರಹಿಸಿದ ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದಾಗ ಅವುಗಳ ತಲೆಬರಹವು ‘ತುಳುವರ ಪಿಶಾಚಾರಾಧನೆ’ ಎಂದಿತ್ತು. ಅವರು ದೈವವನ್ನು ಕೆಳಕ್ಕೆ ತಳ್ಳಿದರು, ಇವರು ಮೇಲಕ್ಕೆತ್ತಿದರು. ಅದು ಇದ್ದಲ್ಲಿಯೇ ಅದನ್ನು ಕಂಡವರು ಇಬ್ಬರಲ್ಲಿ ಒಬ್ಬರೂ ಅಲ್ಲ.

ಶಾಸ್ತ್ರದ ಸಂಬಂಧವಿಲ್ಲದೆ ಮೃಗಕ್ಕೆ ಕೈಮುಗಿಯುವುದೆಂತು ಎಂದು ಕೆಲವರು ಕೇಳುವರು. ಹಿಪ್ಪರಗಿಯ ಸೀಮೆಯ ಒಕ್ಕಲಿಗನೇ ಇದಕ್ಕೆ ಉತ್ತರ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಅವನು ಮಣ್ಣಿನಿಂದ ಎತ್ತುಗಳನ್ನು ಮಾಡಿ ಪೂಜಿಸುತ್ತಾನೆ. ಆಗ ಶ್ಲೋಕದ ಪ್ರಮಾಣವನ್ನು ಯಾರೂ ಕೇಳುವುದಿಲ್ಲ. ಹೊಲವನ್ನು ಉತ್ತ ಎತ್ತಿನ ಋಣವೇ ಪ್ರಮಾಣ. ಕೃಷ್ಣಾತೀರದಲ್ಲಿ ಸಾಧುವಾದ ನ್ಯಾಯವು ನೇತ್ರಾವತಿಯ ತೀರದಲ್ಲಿ ಅಸಾಧುವಾಗುವುದೇಕೆ?

ಇದು ಬರಿಯ ಹೆಸರಿನ ಜಗಳವಲ್ಲ. ಆ ಮೊಗವನ್ನು ಧರಿಸುವವರು ನಲಿಕೆ, ಪಂಬದ, ಪರವ ಸಮುದಾಯದವರು. ನೇಮದಲ್ಲಿ ಪಾಡ್ದನವನ್ನು ಹಾಡುವವರೂ ಅವರ ಮನೆಯ ಹೆಂಗಸರು. ಊರು ಬಹುಕಾಲ ಅಂಗಳದ ಆಚೆಗೇ ನಿಲ್ಲಿಸಿದ ಈ ಜನರ ಬಾಯಿಂದ ದೈವದ ನುಡಿ ಬಂದಾಗ, ಗುತ್ತಿನ ಮನೆಯ ಯಜಮಾನನೂ ಕೈಕಟ್ಟಿ ನಿಂತು ಕೇಳುತ್ತಾನೆ. ದೈವವು ಅವತಾರವೆನಿಸಿದರೆ ಅದರ ಅರ್ಥವನ್ನು ಹೇಳುವ ಅಧಿಕಾರವು ಪಾಡ್ದನದಿಂದ ಪುರಾಣಕ್ಕೆ, ಅವರ ಬಾಯಿಂದ ಪಂಡಿತನ ಬಾಯಿಗೆ ಸಲ್ಲುತ್ತದೆ. ಅಂಗಳದ ಆಚೆಗಿದ್ದವರಿಗೆ ಒಲಿದ ಒಂದೇ ಒಂದು ಅಧಿಕಾರವನ್ನೂ ಭಕ್ತಿಯ ಹೆಸರಿನಲ್ಲಿ ಕಿತ್ತುಕೊಳ್ಳುವುದು ಯಾವ ಧರ್ಮ?

ಪುರಾಣವನ್ನು ಬಲ್ಲ ಮಹನೀಯರು ವರಾಹನನ್ನು ವರಾಹನೆಂದೇ ಸ್ತುತಿಸಲಿ. ಪಂಜುರ್ಲಿಯ ಮಾತು ಬಂದಲ್ಲಿ ಮೊದಲು ಪಾಡ್ದನವನ್ನು ಕೇಳಲಿ, ವ್ಯಾಖ್ಯಾನವು ಆಮೇಲೆ.