ಪರದೇಶದಲ್ಲಿ ನಮ್ಮ ಊಟ

ಪರದೇಶಕ್ಕೆ ಹೋದವನು ಅಲ್ಲಿಯೂ ಅನ್ನ ಸಾರನ್ನೇ ಹುಡುಕಿಕೊಂಡು ಅಲೆಯುವುದು ಕೂಪಮಂಡೂಕನ ಸ್ವಭಾವವೆಂದು ಹಳಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪರರ ಅನ್ನದ ರುಚಿಯನ್ನು ಅರಿಯದವನಿಗೆ ಪ್ರವಾಸದ ಫಲವೇ ಇಲ್ಲವೆಂಬುದು ಅವರ ವಾದ. ಮಾತು ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ಹೀಗೆ ಉಪದೇಶಿಸುವವರಲ್ಲಿ ಎಷ್ಟು ಮಂದಿ ತಣ್ಣನೆಯ ಬ್ರೆಡ್ಡಿನ ನಡುವೆ ಸಿಕ್ಕಿಸಿದ ಹಸಿ ಸೊಪ್ಪನ್ನು ಮೂರು ದಿನ ತಿಂದು ಇದ್ದವರೋ ಕಾಣೆ. ಮೂರನೆಯ ದಿನ ಹೊಟ್ಟೆಯೇ ಎದ್ದು ವಾದಕ್ಕೆ ನಿಲ್ಲುತ್ತದೆ. ಅದರ ಮುಂದೆ ಯಾವ ತರ್ಕವೂ ನಡೆಯದು.

ಇದು ಸಣ್ಣ ಜಗಳ. ನಾನು ಹೇಳಬೇಕೆಂದಿರುವುದು ಇದಕ್ಕಿಂತ ಕಠಿಣವಾದ ಇನ್ನೊಂದು ವಿಚಾರವನ್ನು.

ಇಂಗ್ಲೆಂಡಿನ ಊರೂರಿನಲ್ಲಿಯೂ ‘ಇಂಡಿಯನ್ ಅಂಡ್ ಪಾಕಿಸ್ತಾನಿ ರೆಸ್ಟೋರೆಂಟ್’ ಎಂದು ಬೋರ್ಡು ಹಾಕಿಕೊಂಡ ಹೋಟೆಲುಗಳು ಸಿಗುತ್ತವೆ. ೨೦೨೫ರ ಜೂನಿನಲ್ಲಿ ಒಂದು ವಿಚಾರಗೋಷ್ಠಿಯ ನಿಮಿತ್ತ ನಾವು ನಾಲ್ವರು ಬ್ರಾಡ್‌ಫರ್ಡ್ ನಗರದಲ್ಲಿದ್ದಾಗ ಅಂಥದೊಂದರ ಬಾಗಿಲಿಗೆ ಹೋದೆವು. ನಮ್ಮೊಡನಿದ್ದ ಹಿರಿಯರೊಬ್ಬರು ಬೋರ್ಡನ್ನು ಓದಿ ಅಲ್ಲಿಯೇ ನಿಂತರು. “ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ” ಎಂದರು. ಪಹಲ್ಗಾಮಿನಲ್ಲಿ ೨೬ ಜನರನ್ನು ಕೊಂದು ಆಗ ಎರಡು ತಿಂಗಳೂ ಕಳೆದಿರಲಿಲ್ಲ. ಆ ಹಿರಿಯರು ದ್ವೇಷದ ಮನುಷ್ಯರಲ್ಲ; ಅವರ ಮನೆಯವರೊಬ್ಬರು ಸೈನ್ಯದಲ್ಲಿದ್ದಾರೆ. ಅವರ ಸಿಟ್ಟು ಸುಳ್ಳು ಸಿಟ್ಟೆಂದು ನಾನು ಎಂದೂ ಹೇಳಲಾರೆ. ಸಿಟ್ಟಿಗೆ ಬರೆದ ವಿಳಾಸ ಮಾತ್ರ ತಪ್ಪು ಎಂದು ನನ್ನ ಅಭಿಪ್ರಾಯ.

ಒಳಗೆ ಬಡಿಸಿದವನು ಎಪ್ಪತ್ತು ದಾಟಿದ ಮುದುಕ. ಹಿಂದಿಯಲ್ಲಿ ಊರು ಕೇಳಿದೆ, ಮೀರ್‌ಪುರ ಎಂದ. ಬ್ರಾಡ್‌ಫರ್ಡಿನ ಪಾಕಿಸ್ತಾನಿಗಳಲ್ಲಿ ಬಹುಪಾಲು ಆ ಕಡೆಯವರೇ. ಝೇಲಂ ನದಿಗೆ ಕಟ್ಟಿ ೧೯೬೭ರಲ್ಲಿ ಮುಗಿಸಿದ ಮಂಗಲಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಮೀರ್‌ಪುರ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಮುಳುಗಿದುವು. ಒಂದು ಲಕ್ಷಕ್ಕೂ ಮೀರಿ ಜನ ನೆಲೆ ತಪ್ಪಿದರು. ಅವರಲ್ಲಿ ಅನೇಕರು ಇಂಗ್ಲೆಂಡಿಗೆ ಬಂದು ಉಣ್ಣೆಯ ಗಿರಣಿಗಳಲ್ಲಿ ರಾತ್ರಿಯ ಪಾಳಿ ಮಾಡಿದರು. ಶರಾವತಿಯ ಮುಳುಗಡೆಯನ್ನು ಕಂಡ ನಮ್ಮ ಕಡೆಯವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಮೀರ್‌ಪುರವು ಪಾಕಿಸ್ತಾನದ ವಶದಲ್ಲಿರುವ ಕಾಶ್ಮೀರದ್ದು. ನಮ್ಮ ಸರ್ಕಾರದ ಭೂಪಟವನ್ನು ಬಿಡಿಸಿ ನೋಡಿದರೆ ಆ ಮುದುಕ ಹುಟ್ಟಿದ ಊರು ಭಾರತದ ಗಡಿಯೊಳಗೇ ಇದೆ! ಊರು ನಮ್ಮದು, ಊರಿನವನು ಮಾತ್ರ ಪರಕೀಯ ಎನ್ನುವುದು ಯಾವ ನ್ಯಾಯ?

ಸಾಹೇಬರು ಹೊರಗೇ ಏಕೆ ನಿಂತಿದ್ದಾರೆಂದು ಅವನು ಒಮ್ಮೆ ಕೇಳಿದ. ನಾವು ಏನೋ ಹೇಳಿದೆವು. ಅವನು ಹುಡುಗನ ಕೈಯಲ್ಲಿ ಒಂದು ಲೋಟ ಚಹಾ ಕಳಿಸಿದ. ಅವರು ಕುಡಿಯಲಿಲ್ಲ.

ಈ ಹೋಟೆಲುಗಳ ಚರಿತ್ರೆಯೇ ಗಡಿಗಳನ್ನು ಅಣಕಿಸುವಂಥದು. ಲಂಡನ್ನಿನಲ್ಲಿ ಇಂಥ ಮೊದಲ ಭೋಜನಶಾಲೆಯನ್ನು ೧೮೧೦ರಲ್ಲಿ ತೆರೆದವನು ಪಟ್ನಾದ ಕಡೆಯ ಶೇಖ್ ದೀನ್ ಮಹಮ್ಮದ್. ‘ಹಿಂದೂಸ್ತಾನಿ ಕಾಫಿ ಹೌಸ್’ ಎಂದು ಅದರ ಹೆಸರು. ಎರಡು ವರ್ಷದಲ್ಲಿಯೇ ಅವನು ದಿವಾಳಿಯಾದನೆಂಬುದು ಬೇರೆ ಮಾತು. ನಮ್ಮ ಕಾಲದಲ್ಲಿ ಬ್ರಿಟನ್ನಿನ ‘ಇಂಡಿಯನ್’ ಹೋಟೆಲುಗಳಲ್ಲಿ ಹೆಚ್ಚಿನವನ್ನು ನಡೆಸಿಕೊಂಡು ಬಂದವರು ಸಿಲ್ಹೆಟ್ಟಿನವರು. ಇವರ ಹಿರಿಯರು ಇಂಗ್ಲಿಷರ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದು, ಬಂದರಿನಲ್ಲಿ ಇಳಿದವರು ಮರಳಿ ಹತ್ತದೆ ಅಲ್ಲಿಯೇ ಉಳಿದುಬಿಟ್ಟರು. ಸಿಲ್ಹೆಟ್ ೧೯೪೭ರವರೆಗೆ ಅಸ್ಸಾಮಿನ ಜಿಲ್ಲೆ, ಆ ವರ್ಷದ ಜನಮತಗಣನೆಯಿಂದ ಅದರ ಬಹುಭಾಗ ಪೂರ್ವ ಪಾಕಿಸ್ತಾನವಾಯಿತು, ೧೯೭೧ರಲ್ಲಿ ಬಾಂಗ್ಲಾದೇಶವಾಯಿತು. ೧೯೩೦ರಲ್ಲಿ ಅಲ್ಲಿ ಹುಟ್ಟಿದ ಅಡಿಗೆಯವನೊಬ್ಬನು ಹುಟ್ಟಿದ ಮನೆಯ ಜಗಲಿಯಿಂದ ಇಳಿಯದೆಯೇ ಮೂರು ದೇಶಗಳ ಪ್ರಜೆಯಾಗಬಹುದಾಗಿತ್ತು. ಲಂಡನ್ನಿನಲ್ಲಿ ಅವನ ಬೋರ್ಡು ಮಾತ್ರ ಬದಲಾಗಲಿಲ್ಲ.

ಅವನು ಮಾಡುವ ‘ಮದ್ರಾಸ್ ಕರಿ’ಯನ್ನು ಮದರಾಸಿನವರು ಯಾರೂ ಕಂಡಿಲ್ಲವೆಂಬುದೂ ನಿಜ. ಅಲ್ಲಿ ಮದ್ರಾಸ್ ಎಂದರೆ ಊರಲ್ಲ, ಖಾರದ ಒಂದು ಅಳತೆ. ಅದಕ್ಕೂ ಮೇಲಿನ ಖಾರಕ್ಕೆ ಗೋವೆಯ ವಿಂದಾಲೂ ಎಂದು ಹೆಸರು. ನಮ್ಮ ಸಾರು, ಹುಳಿ, ಪಲ್ಯಗಳನ್ನು ಆ ಪಟ್ಟಿಯಲ್ಲಿ ಹುಡುಕುವವನು ನಿರಾಶನಾಗಬೇಕಾದದ್ದೇ. ಇದು ಅಸಲಿ ಅಲ್ಲವೆಂದು ಮೂಗು ಮುರಿಯುವವರು ನಮ್ಮ ಉಡುಪಿ ಹೋಟೆಲುಗಳಲ್ಲಿ ಗೋಬಿ ಮಂಚೂರಿಯನ್ನು ಚಪ್ಪರಿಸಿ ತಿನ್ನುವಾಗ ಮಂಚೂರಿಯಾದವರ ಒಪ್ಪಿಗೆಯನ್ನು ಕೇಳಿದ್ದಾರೆಯೆ?

ಅತ್ತ ದೆಹಲಿಯಲ್ಲಿ ಬೆಣ್ಣೆಯ ಕೋಳಿಯನ್ನು ಮೊದಲು ಮಾಡಿದವರು ಯಾರೆಂದು ಎರಡು ಹೋಟೆಲುಗಳ ನಡುವೆ ೨೦೨೪ರಲ್ಲಿ ಹೈಕೋರ್ಟಿನಲ್ಲಿ ವ್ಯಾಜ್ಯ ಹೂಡಲ್ಪಟ್ಟಿತು. ಉಭಯ ಪಕ್ಷದವರ ಹಿರಿಯರೂ ದೇಶವಿಭಜನೆಯ ಕಾಲದಲ್ಲಿ ಪೇಶಾವರದಿಂದ ಬಂದವರು. ಭಾರತದ ಅಡಿಗೆಯೆಂದು ಲೋಕವೆಲ್ಲ ಬಾಯಿ ಚಪ್ಪರಿಸುವ ತಂದೂರಿ ಕೋಳಿ ನಮ್ಮ ರಾಜಧಾನಿಗೆ ಬಂದದ್ದು ನಿರಾಶ್ರಿತರ ಗಂಟಿನೊಡನೆ.

ಇಷ್ಟನ್ನು ನೋಡಿದ ಮೇಲೆ ೨೦೨೫ರ ಮೇ ತಿಂಗಳ ಎರಡು ಸುದ್ದಿಗಳನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಹೈದರಾಬಾದಿನಲ್ಲಿ ಕರಾಚಿ ಎಂಬ ಹೆಸರಿನ ಬೇಕರಿಯ ಬೋರ್ಡಿನ ಮೇಲೆ ಜನ ಕೋಲೆತ್ತಿದರು. ಅದನ್ನು ೧೯೫೩ರಲ್ಲಿ ಸ್ಥಾಪಿಸಿದವರು ಪಾಕಿಸ್ತಾನವನ್ನು ಬಿಟ್ಟು ಬರಬೇಕಾಗಿ ಬಂದ ಸಿಂಧಿ ಹಿಂದೂಗಳು. ಕಳೆದುಕೊಂಡ ಊರಿನ ಹೆಸರನ್ನಷ್ಟೆ ಉಳಿಸಿಕೊಂಡಿದ್ದರು. ಜೈಪುರದಲ್ಲಿ ಒಂದು ಮಿಠಾಯಿ ಅಂಗಡಿಯವರು ಮೈಸೂರು ಪಾಕಿಗೆ ‘ಮೈಸೂರು ಶ್ರೀ’ ಎಂದು ಮರುನಾಮಕರಣ ಮಾಡಿದರು. ಪಾಕವೆಂದರೆ ಅಡಿಗೆಯೆಂದೂ, ಎಳೆಪಾಕ ಬರುವವರೆಗೆ ಸಕ್ಕರೆ ಕುದಿಸುವುದು ದೇಶದ್ರೋಹವಲ್ಲವೆಂದೂ ನಮ್ಮ ಯಾವ ಅಜ್ಜಿಯಾದರೂ ಹೇಳಿಕೊಡುತ್ತಿದ್ದಳು. ಕನ್ನಡ ವಿಭಾಗದ ಮಿತ್ರರು ಇದಕ್ಕೆ ಒಂದು ಠರಾವನ್ನಾದರೂ ಮಾಡಬೇಕಾಗಿತ್ತು.

ಹಾಗೆಂದು, ಒಟ್ಟಿಗೆ ಕುಳಿತು ಉಂಡರೆ ಎರಡು ದೇಶಗಳ ವೈರ ಕರಗುತ್ತದೆಂದು ಹಾಡುವವರ ಗುಂಪಿಗೂ ನಾನು ಸೇರಿದವನಲ್ಲ. ೧೯೪೮, ೧೯೬೫, ೧೯೭೧, ೧೯೯೯ ಇವುಗಳ ಯುದ್ಧಗಳನ್ನು ಯಾವ ಬಿರಿಯಾನಿಯೂ ತಡೆಯಲಿಲ್ಲ. ಹೋಟೆಲಿನವನು ಎರಡು ದೇಶಗಳ ಹೆಸರನ್ನು ಒಂದೇ ಬೋರ್ಡಿನಲ್ಲಿ ಬರೆಯಿಸುವುದು ಶಾಂತಿಸ್ಥಾಪನೆಗಲ್ಲ, ಗಿರಾಕಿಗಾಗಿ. ನನಗೆ ಅಷ್ಟೇ ಸಾಕು. ಅವನ ಉದ್ದೇಶ ಅಷ್ಟು ಸರಳವಾಗಿರುವಾಗ, ನಾವು ಊಟ ಮಾಡಿ ಹಣ ಕೊಟ್ಟು ಬರುವುದರಲ್ಲಿ ದೇಶಭಕ್ತಿಗೆ ಏನು ಕುಂದು?

ಇನ್ನು ಈ ಹೋಟೆಲುಗಳೂ ಬಹುಕಾಲ ಉಳಿಯುವ ಲಕ್ಷಣ ಕಾಣುವುದಿಲ್ಲ. ಕೃಷ್ಣ ಮೆನನ್ನರ ಇಂಡಿಯಾ ಲೀಗಿನ ನಂಟಿನಿಂದ ೧೯೫೧ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬಿಳಿಯರಿಗೂ ನಮ್ಮವರಿಗೂ ದೋಸೆ ಹಾಕಿಕೊಟ್ಟ ಇಂಡಿಯಾ ಕ್ಲಬ್ಬು ೨೦೨೩ರ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿತು; ಕಟ್ಟಡದ ಒಡೆಯರಿಗೆ ಆ ಜಾಗ ಹೊಸ ಹೋಟೆಲಿಗೆ ಬೇಕಾಯಿತು. ಇತರ ಕಡೆಗಳಲ್ಲಿ ಅಡಿಗೆಯವರನ್ನು ಊರಿನಿಂದ ಕರೆಸಿಕೊಳ್ಳಲು ವೀಸಾ ಸಿಗುವುದು ಕಷ್ಟವಾಗಿದೆ. ನಮಗೆ ಬಡಿಸಿದ ಮುದುಕನ ಮಗಳು ಔಷಧಶಾಸ್ತ್ರ ಓದಿದ್ದಾಳೆ, ಮಗ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಒಲೆಯ ಹತ್ತಿರ ಇಬ್ಬರೂ ಸುಳಿಯುವುದಿಲ್ಲವಂತೆ. ಹಾಗೆ ಹೇಳುವಾಗ ಅವನ ದನಿಯಲ್ಲಿ ದೂರಿರಲಿಲ್ಲ. ಬಿಲ್ಲನ್ನು ತಾನೇ ಕೂಡಿ, ಒಂದು ಸಲ ತಪ್ಪಿ, ಮತ್ತೆ ಕೂಡಿ ತಂದುಕೊಟ್ಟ.